ನೆಲಕ್ಕಿಳಿದ ಮಂಚ

ಮಧ್ಯಾಹ್ನ ಮೂರು ಗಂಟೆಗೆ ಕೊನೆಯ ಬೆಸುಗೆ ಮುಗಿಯಿತು, ನಾನು ಮಂಚವಾದೆ. ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪಿನಿಂದ ನನ್ನನ್ನು ಮಾಡಿ ಬಿಳಿ ಬಣ್ಣ ಬಳಿದರು. ಕಾಲ ಬದಿಗೆ ಒಂದು ಹಿಡಿಕೆ ಇಟ್ಟರು. ಅದನ್ನು ತಿರುಗಿಸಿದರೆ ತಲೆಯ ಭಾಗ ಮೇಲೇಳುತ್ತದೆ. ಮನೆಯ ಮಂಚಗಳಿಗೆ ಈ ಗುಣವಿಲ್ಲ.

ನನ್ನ ಮೊದಲ ಒಡೆಯರು ಗದಗಿನ ಒಬ್ಬ ಡಾಕ್ಟರು. ಅವರ ನರ್ಸಿಂಗ್ ಹೋಮಿನಲ್ಲಿ ಬಾಣಂತಿಯರು, ಅಪೆಂಡಿಕ್ಸ್ ತೆಗೆಸಿಕೊಂಡವರು ನನ್ನ ಮೇಲೆ ಮಲಗಿದರು. ಎಲ್ಲರೂ ಎದ್ದು ಮನೆಗೆ ಹೋದರು. ಮಂಚದ ಕೆಲಸ ಇಷ್ಟೇ ಎಂದು ತಿಳಿದಿದ್ದೆ. ಡಾಕ್ಟರಿಗೆ ವಯಸ್ಸಾಗಿ ನರ್ಸಿಂಗ್ ಹೋಮ್ ಮುಚ್ಚಿದಾಗ, ಅಲ್ಲಿ ದುಡಿದಿದ್ದ ಸಿಸ್ಟರ್ ಇಂದುಮತಿ ಹೊಂಬಳ ನನ್ನನ್ನು ಕೇಳಿ ಪಡೆದರು. ಟಂಟಂ ಗಾಡಿಯ ಮೇಲೆ ಹೇರಿಸಿ ಬೆಟಗೇರಿಗೆ ತಂದರು.

ಇಳಿಸಿದ್ದು ನೇಕಾರರ ಸಂಘದ ಹಳೆಯ ನೂಲಿನ ಗೋದಾಮಿನಲ್ಲಿ. ಗುಣವಾಗದ ಕಾಯಿಲೆಯವರನ್ನು ದೊಡ್ಡ ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಅವರ ನೋವನ್ನು ನೋಡಿಕೊಳ್ಳುವವರು ಯಾರು? ಸಂಘದ ಸಭೆಯಲ್ಲಿ ಸಿಸ್ಟರ್ ಇಟ್ಟದ್ದು ಈ ಒಂದೇ ಪ್ರಶ್ನೆ. ಸಂಘ ಖಾಲಿ ಗೋದಾಮನ್ನು ಬಿಟ್ಟುಕೊಟ್ಟಿತು. ಓಣಿಯವರು ಸುಣ್ಣ ಬಳಿದರು. ಮಗ್ಗ ನಿಲ್ಲಿಸಿದ್ದ ಹೆಂಗಸರು ಹುಣ್ಣು ತೊಳೆಯುವುದನ್ನು, ಒಣಗಿದ ಬಾಯಿ ಒರೆಸುವುದನ್ನು, ನೋವಾಗದಂತೆ ಮಗ್ಗುಲು ಬದಲಿಸುವುದನ್ನು ಕಲಿತರು. ಹುಬ್ಬಳ್ಳಿಯ ಡಾಕ್ಟರೊಬ್ಬರು ವಾರಕ್ಕೊಮ್ಮೆ ಬಂದು ಮಾರ್ಫಿನ್ ಎಷ್ಟು ಕೊಡಬೇಕೆಂದು ಗೊತ್ತು ಮಾಡುತ್ತಿದ್ದರು. ಮನೆಗೆ ‘ಆಸರೆ’ ಎಂದು ಹೆಸರಿಟ್ಟರು. ಆಗ ಅಲ್ಲಿದ್ದ ಮಂಚ ನಾನೊಂದೇ.

ಮೊದಲು ಬಂದವನು ನೂಲಿಗೆ ಬಣ್ಣ ಹಾಕುವ ಫಕೀರಪ್ಪ. ಕ್ಯಾನ್ಸರ್ ಅವನ ಬೆನ್ನುಮೂಳೆಗೆ ಇಳಿದಿತ್ತು. ಈ ಕಡೆಯ ಮನೆಗಳಲ್ಲಿ ಒಂದು ಪದ್ಧತಿಯಿದೆ. ಪ್ರಾಣ ಮಂಚದ ಮೇಲೆ ಹೋಗಬಾರದು. ಕೊನೆಯ ಗಳಿಗೆ ಬಂತೆನಿಸಿದರೆ ನೆಲಕ್ಕೆ ಇಳಿಸುತ್ತಾರೆ. ಒಂದು ದಿನ ಫಕೀರಪ್ಪನ ಉಸಿರು ಏರುಪೇರಾಯಿತು. ಸಿಸ್ಟರ್ ಔಷಧಿ ತರಲು ಹೋಗಿದ್ದರು. ಅಣ್ಣತಮ್ಮಂದಿರು ಅವನ ಕೈಕಾಲು ಹಿಡಿದು ಎತ್ತಿ ಕೆಳಗೆ ಮಲಗಿಸಿದರು. ಅವನು ಒದರಿದ್ದು ಓಣಿಯ ಆ ತುದಿಗೂ ಕೇಳಿತು. ಅರ್ಧ ಗಂಟೆಯ ಮೇಲೆ ಕಣ್ಣು ಬಿಟ್ಟ.

“ಯಾಕ ಇಳಿಸೀರಲೇ? ನಾ ಇನ್ನೂ ಹೊಂಟಿಲ್ಲ. ಒಂದ್ ಕಪ್ ಚಾ ಕೊಡ್ರಿ.”

ಆ ನೋವಿಗೆ ಹೆದರಿ, ಮತ್ತೆ ಮೇಲಕ್ಕೆತ್ತಲು ಅವನು ಬಿಡಲಿಲ್ಲ. ಒಂದು ವಾರ ನೆಲದ ಮೇಲೆ ನರಳಿ ಹೋದ. ಇನ್ನು ಯಾರೂ ಯಾರನ್ನೂ ಇಳಿಸಕೂಡದು ಎಂದು ಸಿಸ್ಟರ್ ಕಟ್ಟಪ್ಪಣೆ ಮಾಡಿದರು. ಅಪ್ಪಣೆ ಸರಿಯಾಗಿಯೇ ಇತ್ತು. ಆದರೆ ಆಸರೆಗೆ ಹೋದವರು ಮಂಚದ ಮೇಲೆಯೇ ಸಾಯಬೇಕಂತೆ ಎಂಬ ಮಾತು ಊರಿನಲ್ಲಿ ಹಬ್ಬಿತು. ಜನ ಬರುವುದು ನಿಂತಿತು. ನನ್ನ ಹಾಸಿಗೆಯನ್ನು ಸುತ್ತಿಟ್ಟರು.

ಹಾಗಿದ್ದೂ ಬಂದವಳು ತಿಪ್ಪವ್ವ. ವಯಸ್ಸೆಲ್ಲ ಸೀರೆ ನೇಯ್ದವಳು. ಕಾಯಿಲೆ ತೊಡೆಯ ಎಲುಬನ್ನು ತಿಂದಿತ್ತು. ಮನೆಯಲ್ಲಿ ನಿದ್ದೆ ಇರಲಿಲ್ಲ. ನನ್ನ ಮೇಲೆ ಮಲಗಿ, ಹೊತ್ತಿಗೆ ಸರಿಯಾಗಿ ಔಷಧಿ ತೆಗೆದುಕೊಂಡು, ಅವಳು ನಿದ್ದೆ ಮಾಡಿದಳು. ದಿನ ಕಳೆದಂತೆ ಕೃಶಳಾದಳು. ಆಗ ಮಗ ವೀರಭದ್ರ ಬಂದು ನಿಂತ.

“ಸಿಸ್ಟರ್, ಅವ್ವನ್ನ ಮನಿಗೆ ಒಯ್ತೀನ್ರಿ.”

“ಯಾಕಪಾ, ಇಲ್ಲೆ ಏನ್ ಕಡಿಮಿ ಆಗೈತಿ?”

“ಕಡಿಮಿ ಏನಿಲ್ರಿ. ನೆಲಾ ಸಿಗಂಗಿಲ್ಲ.”

“ಗಾಡ್ಯಾಗ ಒಯ್ದ್ರ ದಾರ್ಯಾಗ ಎಲುಬು ಮುರೀತೈತಿ. ಇಲ್ಲೆ ಎತ್ತಿ ಇಳಿಸಿದ್ರ ಏನಾಗತೈತಿ ಅಂತ ಫಕೀರಪ್ಪಂದು ನೋಡೇವಲ್ಲ.”

“ಮಂಚದ ಮ್ಯಾಲ ಹೋದ್ಲು ಅಂದ್ರ ಬೀಗರು ನನ್ನ ಸುಮ್ನ ಬಿಡ್ತಾರೇನ್ರಿ?”

ತಿಪ್ಪವ್ವ ಕಣ್ಣು ತೆರೆದಳು. “ನನ್ನ ತಲಿ ಮ್ಯಾಲ ನಿಂತು ಯಾಕ ಜಗಳಾಡ್ತೀರಿ? ನಾ ಇನ್ನೂ ಕಿವುಡಿ ಆಗಿಲ್ಲ. ಇಂದುಮತಿ, ನೆಲಾ ಇಲ್ದ ಹೋಗಾಕ ನನಗ ಮನಸಿಲ್ಲ. ಎತ್ತಿ ಇಳಿಸಿದ್ರ ತಡಕೊಳ್ಳಾಕೂ ಆಗಂಗಿಲ್ಲ. ನನ್ನ ಇಳಸಬ್ಯಾಡ್ರಿ. ಈ ಮಂಚಾನ ಇಳಸ್ರಿ.”

“ಇದೇನ ಬಾವಿ ಕೊಡಾ ಏನಬೇ, ಇಳಸಾಕ?” ಎಂದ ಮಗ.

“ಕಾಲ ಕಡಿಸ್ರಿ. ನನ್ನವಂತೂ ಹೋಗ್ಯಾವ, ಅದರವೂ ಹೋಗ್ಲಿ.”

ವೀರಭದ್ರ ನಕ್ಕ. ಸಿಸ್ಟರ್ ನಗಲಿಲ್ಲ. ಬಗ್ಗಿ ನನ್ನ ಕಾಲುಗಳನ್ನು ನೋಡಿದರು. ಮಂಚ ಯಾವಾಗಲೂ ಕೆಳಗಿದ್ದರೆ ಆರೈಕೆ ಮಾಡುವವರ ಸೊಂಟ ಉಳಿಯುವುದಿಲ್ಲ. ಬೇಕಾದಾಗ ಮಾತ್ರ ಇಳಿಯಬೇಕು. ಓಣಿಯ ವೆಲ್ಡರ್ ಮೌಲಾಸಾಬನನ್ನು ಕರೆಸಿದರು.

ಮರುದಿನ ನನ್ನಷ್ಟೇ ಎತ್ತರದ ಮರದ ಮಂಚವೊಂದನ್ನು ತಂದು ನನ್ನ ಪಕ್ಕಕ್ಕೆ ತಾಗಿಸಿದರು. ನೋವಿನ ಔಷಧಿ ಕೊಟ್ಟು, ಚಾದರದ ಸಮೇತ ತಿಪ್ಪವ್ವನನ್ನು ಮೆಲ್ಲಗೆ ಅದಕ್ಕೆ ಸರಿಸಿದರು. ನನ್ನನ್ನು ಅಂಗಳಕ್ಕೊಯ್ದು ನಾಲ್ಕೂ ಕಾಲು ಕಡಿದರು. ಮೌಲಾಸಾಬ ಮೂಲೆಗೊಂದು ದಪ್ಪ ಪೈಪು ಬೆಸೆದು, ಕಡಿದ ಕಾಲನ್ನು ಅದರೊಳಗೆ ತೂರಿಸಿ, ಸಾಲಾಗಿ ತೂತು ಕೊರೆದು ಪಿನ್ನು ಹಾಕಿದ. ಪಿನ್ನು ತೆಗೆದು ಒಂದೊಂದೇ ತೂತು ಇಳಿಸಿದರೆ, ಮಲಗಿದವರ ಸಮೇತ ನಾನು ನೆಲದಿಂದ ಒಂದೇ ಗೇಣು ಎತ್ತರಕ್ಕೆ ಇಳಿದು ನಿಲ್ಲುತ್ತೇನೆ. ಮೊದಲು ಸಿಸ್ಟರ್ ತಾವೇ ಮಲಗಿ ನೋಡಿದರು.

ಮೂಲೆಗೊಬ್ಬರಂತೆ ನಾಲ್ವರು ಹಿಡಿದು ಇಳಿಸಿದ್ದನ್ನು ಕಿಟಕಿಯಿಂದ ಕಂಡ ತಿಪ್ಪವ್ವ ತಕರಾರು ತೆಗೆದಳು. “ನಾಕ ಮಂದಿ ಹಿಡದ್ರ ಚಟ್ಟ ಆತು. ಐದನೇದವರೊಬ್ರು ಇರ್ರಿ.”

“ಐದನೇದವರು ಏನ್ ಹಿಡೀಬೇಕಬೇ?” ಎಂದು ಸಿಸ್ಟರ್ ಕೇಳಿದರು.

“ನನ್ನ ಕೈ ಹಿಡೀಲಿ.”

ಅವಳು ಮತ್ತೆ ನನ್ನ ಮೇಲೆ ಮಲಗಿದ ಕೆಲವು ದಿನಗಳಲ್ಲಿ ಆ ಹೊತ್ತು ಬಂತು. ನಾಲ್ವರು ನನ್ನನ್ನು ಹಿಡಿದರು, ವೀರಭದ್ರ ಅವ್ವನ ಕೈ ಹಿಡಿದ. ತೂತಿನಿಂದ ತೂತಿಗೆ ನಾನು ಇಳಿದೆ. ಸಿಸ್ಟರ್ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಒದರಲಿಲ್ಲ, ಹುಬ್ಬನ್ನೂ ಗಂಟಿಕ್ಕಲಿಲ್ಲ. ಮಗ ಕೈಯನ್ನು ಮೆಲ್ಲಗೆ ಕೆಳಗೆ ಬಿಟ್ಟ. ಅಂಗೈ ನೆಲಕ್ಕೆ ಊರಿತು.

“ತಣ್ಣಗೈತಿ” ಎಂದಳು.

ಅಂದೇ ಮಧ್ಯಾಹ್ನ ಅವಳ ಉಸಿರು ನಿಂತಿತು. ಸಂಜೆ ಬೀಗರು ಬಂದರು. ಅವರಲ್ಲಿ ಹಿರಿಯರೊಬ್ಬರು ಮೊಣಕಾಲೂರಿ ಕುಳಿತು ಆ ಕೈಯನ್ನು ನೋಡಿದರು. “ನೆಲಾ ಮುಟ್ಟ್ಯಾಳ” ಎಂದರು. ಉಳಿದವರು ಮುಂದಿನ ಕೆಲಸಕ್ಕೆ ಎದ್ದರು.

ಆ ವಾರವೇ ಆಸರೆಗೆ ಮತ್ತೆ ಜನ ಬರತೊಡಗಿದರು. ಸಂಘ ಪಕ್ಕದ ಗೋದಾಮನ್ನೂ ಕೊಟ್ಟಿತು. ಅಡುಗೆಮನೆಯಾಯಿತು, ಹಾಸಿಗೆ ಬಿಟ್ಟೇಳಲಾಗದವರ ಮನೆಗೇ ಹೋಗುವ ವ್ಯಾನು ಬಂತು. ಈಗ ಇಲ್ಲಿ ಹನ್ನೆರಡು ಮಂಚಗಳಿವೆ. ಎಲ್ಲವನ್ನೂ ಮೌಲಾಸಾಬ ನನ್ನ ಅಳತೆಯಲ್ಲೇ ಮಾಡಿದ್ದಾನೆ. ಯಾವುದನ್ನು ಇಳಿಸುವಾಗಲೂ ಐದು ಜನ ಇರುತ್ತಾರೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಔಷಧಿಯ ಹೆಸರಿಗಿಂತ ಮೊದಲು ಇದನ್ನು ಕಲಿಸುತ್ತಾರೆ.

ನನ್ನ ಹಿಡಿಕೆ ಈಗ ತಿರುಗುವುದಿಲ್ಲ. ಪೈಪಿನ ಒಳಗೆ ತುಕ್ಕು ಹಿಡಿದಿದೆ. ನನ್ನನ್ನು ಪಡಸಾಲೆಗೆ ಹಾಕಿದ್ದಾರೆ. ರೋಗಿಗಳ ಕಡೆಯವರು ನನ್ನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರೆ. ಮಲಗಿದವರೆಲ್ಲ ಎದ್ದು ಹೋಗುವುದನ್ನು ಮೊದಲ ಮನೆಯಲ್ಲಿ ಕಂಡೆ. ಹೋಗಲೇಬೇಕಾದವರು ನೋವಿಲ್ಲದೆ ಹೋಗುವುದನ್ನು ಇಲ್ಲಿ ಕಂಡೆ. ಎರಡನೆಯದೂ ಮಂಚದ ಕೆಲಸವೇ, ಮೊದಲನೆಯದಕ್ಕಿಂತ ಕಷ್ಟದ್ದು. ಅದನ್ನು ನಾನು ಚೆನ್ನಾಗಿ ಮಾಡಿದೆ.

ಇವತ್ತು ಬೆಳಿಗ್ಗೆ ಕೊಪ್ಪಳದಿಂದ ಇಬ್ಬರು ಬಂದಿದ್ದರು. ಅಲ್ಲೂ ಇಂಥ ಮನೆಯೊಂದು ಶುರುವಾಗುತ್ತಿದೆ. ಟೇಪು ಹಿಡಿದು ನನ್ನ ಕಾಲುಗಳ ಅಳತೆ ತೆಗೆದುಕೊಂಡು, ಊಟ ಮಾಡಿ, ಎರಡು ಗಂಟೆಯ ಬಸ್ಸಿಗೆ ಹೋದರು.