ಅಂಟು ಹಾಕಿದ ಗುಂಡಿ

ಹೆಡ್‌ಫೋನಿನ ಬಲಗಿವಿಯ ಬಟ್ಟಲ ಮೇಲೆ ಒಂದು ಸಣ್ಣ ಗುಂಡಿ ಇತ್ತು. ಅದನ್ನು ಒತ್ತಿದರೆ ಹೊರಗಿನ ಸದ್ದು ಒಳಗೆ ಕೇಳಿಸುತ್ತಿತ್ತು. ಪ್ರೆಸ್ ಶೆಡ್ಡಿನ ಹೆಂಗಸರಿಗೆ ಹಂಚುವ ಮೊದಲು ಕಾರ್ಖಾನೆಯವರು ಅಷ್ಟೂ ಹೆಡ್‌ಫೋನುಗಳ ಗುಂಡಿಗೆ ಅಂಟು ಹಾಕಿಸಿದರು. ಸ್ವಲ್ಪ ದಿನಕ್ಕೆ ನಾಲ್ಕನೇ ಪ್ರೆಸ್ಸಿನಲ್ಲಿ ಒಬ್ಬ ಹೆಣ್ಣುಮಗಳ ಬಲಗೈ ಮಣಿಕಟ್ಟಿನವರೆಗೆ ಹೋಯಿತು.

ಪೆಡಲ್ ತುಳಿದದ್ದು ಅವಳ ಅತ್ತೆ.

ಆ ಶೆಡ್ಡಿನಲ್ಲಿ ಡಬ್ಬಿಗಳ ಮುಚ್ಚಳ ಮಾಡುತ್ತಾರೆ. ಒಂದೊಂದು ಪ್ರೆಸ್ಸಿಗೆ ಇಬ್ಬರು. ಮುಂದೆ ನಿಂತವಳು ತಗಡು ಇಟ್ಟು ಪೆಡಲ್ ತುಳಿಯಬೇಕು. ಹಿಂದೆ ನಿಂತವಳು ಅಚ್ಚಿನೊಳಗೆ ಕೈ ಹಾಕಿ ಮುಚ್ಚಳ ತೆಗೆಯಬೇಕು, ಚೂರು ಗೋರಬೇಕು. ನಡುವೆ ಗೋಡೆಯಂತೆ ಮೆಷಿನ್ನಿನ ಮೈ. ಬಗ್ಗಿ ನೋಡದೆ ಒಬ್ಬರ ಮುಖ ಒಬ್ಬರಿಗೆ ಕಾಣದು. ಅದಕ್ಕೇ ಹೆಂಗಸರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಮುಂದಿನವಳು ಸ್ಪ್ಯಾನರಿನಿಂದ ಕಬ್ಬಿಣದ ಮೇಜಿಗೆ ಎರಡು ಸಲ ತಟ್ಟುತ್ತಾಳೆ: ತುಳಿಯಲಾ? ಹಿಂದಿನವಳು ಕೈ ಹೊರಗೆಳೆದುಕೊಂಡು ಒಂದು ಸಲ ತಟ್ಟುತ್ತಾಳೆ: ತುಳಿ. ಕಿವಿಯಲ್ಲಿ ಹತ್ತಿ ತುರುಕಿಕೊಂಡಿದ್ದರೂ, ಅಷ್ಟು ಗದ್ದಲದ ನಡುವೆಯೂ, ಕಬ್ಬಿಣಕ್ಕೆ ಕಬ್ಬಿಣ ಬಡಿದ ಆ ಚೂಪು ಸದ್ದು ಮಾತ್ರ ಹತ್ತಿಯನ್ನು ಚುಚ್ಚಿಕೊಂಡು ಒಳಗೆ ಬರುತ್ತಿತ್ತು. ಈ ಪದ್ಧತಿಯನ್ನು ಯಾವ ಮ್ಯಾನೇಜರೂ ಕಲಿಸಲಿಲ್ಲ. ಕಂಪನಿ ಗೋಡೆಗೆ ಬರೆಸಿದ್ದು ಒಂದೇ: ‘ಸುರಕ್ಷತೆ ನಿಮ್ಮ ಕೈಯಲ್ಲಿದೆ’.

ನಾಲ್ಕನೇ ಪ್ರೆಸ್ಸಿನ ಮುಂದೆ ಅತ್ತೆ, ಹಿಂದೆ ಸೊಸೆ. ಅತ್ತೆಯನ್ನು ಶೆಡ್ಡೆಲ್ಲ ದೊಡ್ಡಮ್ಮ ಎನ್ನುತ್ತಿತ್ತು. ಮಗ ಲಾರಿ ಓಡಿಸುವವನು, ಮನೆಯಲ್ಲಿ ಇದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ. ಹೆಚ್ಚಾಗಿ ಅತ್ತೆ ಸೊಸೆ ಇಬ್ಬರೇ. ಶೆಡ್ಡಿನ ಅಭ್ಯಾಸ ಮನೆಯಲ್ಲೂ ಬಿಡದೆ, ಉಪ್ಪು ಕೊಡು ಅನ್ನುವುದನ್ನೂ ಕಿರುಚಿಯೇ ಹೇಳುತ್ತಿದ್ದರು. ಪಕ್ಕದ ಮನೆಯ ಟೈಲರ್ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ: “ಇವರು ಪ್ರೀತಿಯಿಂದ ಮಾತಾಡೋದೇ ಹೀಗಾದ್ರೆ, ಜಗಳ ಆಡೋ ದಿನ ನಾನು ಮೆಷಿನ್ ಹೊತ್ಕೊಂಡು ಊರು ಬಿಡಬೇಕು!”

ದೊಡ್ಡಮ್ಮನ ಕಿವಿ ಆಗಲೇ ಅರ್ಧ ಸತ್ತಿತ್ತು. ಸತ್ತದ್ದು ಸುಮ್ಮನೆ ಬಿದ್ದಿರಲಿಲ್ಲ. ಎಲ್ಲ ನಿಶ್ಶಬ್ದವಾದಾಗ ಒಳಗೆ ಏನೋ ಕುಟ್ಟುತ್ತಿತ್ತು. ಮಲಗಿದರೆ ತಲೆದಿಂಬಿನೊಳಗೆ ಪ್ರೆಸ್ಸು ಓಡುತ್ತಿತ್ತು. ಸೊಸೆಗೆ ಇನ್ನೂ ಗುಬ್ಬಚ್ಚಿಯ ಕಿವಿ. ಅದು ತನ್ನದರಂತೆ ಆಗಬಾರದು ಎಂಬುದೊಂದೇ ದೊಡ್ಡಮ್ಮನ ಹಟ. ಹತ್ತಿ ಸಾಲದು, ಸರಿಯಾದದ್ದು ಏನಾದರೂ ಕೊಡಿ ಎಂದು ವರ್ಷಗಟ್ಟಲೆ ಮೇಸ್ತ್ರಿಯ ಬೆನ್ನು ಬಿದ್ದವಳು ಅವಳೇ. ಆದ್ದರಿಂದ ಹೆಡ್‌ಫೋನ್ ಮಾರುವವನು ಬಂದಾಗ ಮ್ಯಾನೇಜರ್, “ದೊಡ್ಡಮ್ಮನೇ ಆರಿಸಲಿ,” ಎಂದ.

ಮಾರುವವನು ಪ್ರೆಸ್ಸಿನ ಪಕ್ಕದ ಬೆಂಚಿನ ಮೇಲೆ ಮೂರು ತರದ್ದು ಹರಡಿದ. ಮೊದಲನೆಯದು ಕಿವಿಯ ತೂತಿಗೆ ಸಿಕ್ಕಿಸುವ ಇಯರ್‌ಫೋನು. ಅದು ಬೆವರಿಗೆ ಜಾರಿ ನೇರ ಎಣ್ಣೆ ಡಬ್ಬಕ್ಕೆ ಬಿತ್ತು.

“ಇದಕ್ಕೆ ಈಜು ಬರುತ್ತಾ ನೋಡಪ್ಪ,” ಎಂದಳು ದೊಡ್ಡಮ್ಮ.

ಎರಡನೆಯದು ಕಿವಿಯನ್ನು ಪೂರ್ತಿ ಮುಚ್ಚುವ ಬರೀ ಬಟ್ಟಲು. ಸದ್ದು ತಗ್ಗಿತು, ಆದರೆ ಪ್ರೆಸ್ಸು ಬೀಳುವ ಗುದ್ದು ಮೂಳೆಯೊಳಗಿಂದ ಹಾಗೇ ಬಂತು. ಮೂರನೆಯದನ್ನು ಹಾಕಿಕೊಂಡಾಗ ಅವಳ ಮುಖವೇ ಬದಲಾಯಿತು. ಶೆಡ್ಡು ಎದುರಿಗೇ ಇತ್ತು, ಪ್ರೆಸ್ಸುಗಳು ಏಳುತ್ತಿದ್ದವು, ಬೀಳುತ್ತಿದ್ದವು, ಸದ್ದಿಲ್ಲ.

“ಇದು ಗಲಾಟೇನ ಗಲಾಟೆಯಿಂದಲೇ ಹೊಡೆಯುತ್ತೆ, ಅಮ್ಮ,” ಎಂದು ಮಾರುವವನು ಅವಳ ಕಣ್ಣೆದುರು ತುಟಿ ಅಗಲಿಸಿ ವಿವರಿಸಿದ.

“ನಮ್ಮ ಬೀದಿ ನಲ್ಲಿ ಹತ್ರ ನಡೆಯೋ ಹಾಗಾ?”

ಹೆಂಗಸರು ನಕ್ಕರು. ದೊಡ್ಡಮ್ಮ ನಗಲಿಲ್ಲ. ಸೊಸೆಯನ್ನು ಪ್ರೆಸ್ಸಿನ ಹಿಂದೆ ನಿಲ್ಲಿಸಿ ಸ್ಪ್ಯಾನರ್ ತಟ್ಟಲು ಹೇಳಿದಳು. ಕೇಳಿಸಲಿಲ್ಲ. “ಇದು ಬೇಡ,” ಎಂದು ತೆಗೆಯಹೊರಟಳು. ಆಗ ಮಾರುವವನು ಬಲಗಡೆಯ ಗುಂಡಿ ತೋರಿಸಿದ. ಒತ್ತಿದಳು. ‘ಟಕ್’. ಹತ್ತಿಯೊಳಗಿಂದ ಕೇಳುತ್ತಿದ್ದುದಕ್ಕಿಂತಲೂ ಸ್ಪಷ್ಟವಾಗಿ. ಮತ್ತೆ ಮತ್ತೆ ತಟ್ಟಿಸಿದಳು. ಸೊಸೆ ಆಚೆಯಿಂದ ಬಗ್ಗಿ, “ಅತ್ತೆ, ಮದುವೆಗೆ ಹುಡುಗಿ ನೋಡೋವಾಗ್ಲೂ ನನ್ನ ಇಷ್ಟು ಪರೀಕ್ಷೆ ಮಾಡ್ಲಿಲ್ಲ ನೀವು,” ಎಂದಳು.

“ಇದೇ,” ಎಂದಳು ದೊಡ್ಡಮ್ಮ. “ಈ ಗುಂಡಿ ಇರೋದೇ ಬೇಕು.”

ಬಂದದ್ದು ಅದೇ. ಗುಂಡಿ ಮಾತ್ರ ಒತ್ತಿದರೆ ಒಳಗೆ ಹೋಗುತ್ತಿರಲಿಲ್ಲ. ಇನ್ನೊಂದು ಹೊಸದು ಸೇರಿತ್ತು: ಗಾಜಿನ ಕೋಣೆಯಲ್ಲಿ ಕುಳಿತ ಮೇಸ್ತ್ರಿಯ ದನಿ ನೇರ ಕಿವಿಯೊಳಗೆ ಬರುತ್ತಿತ್ತು.

“ಗುಂಡಿ ಕಚ್ಕೊಂಡಿದೆ, ಮೇಸ್ತ್ರಿ,” ಎಂದು ದೊಡ್ಡಮ್ಮ ಹೋಗಿ ಹೇಳಿದಳು.

“ಕಚ್ಕೊಂಡಿಲ್ಲ, ಮುಚ್ಚಿಸಿದೀವಿ. ಹೊರಗಿನ ಸದ್ದು ಬಿಟ್ರೆ ನೀವು ಹರಟೆ ಹೊಡೀತೀರಿ.”

“ತಟ್ಟೋದು ಕೇಳಿಸಲ್ವಲ್ಲಪ್ಪ.”

“ತಟ್ಟೋದು ಕಂಪನಿ ರೂಲ್ಸಲ್ಲಿ ಎಲ್ಲಿದೆ? ನಡೀರಿ.”

ಹತ್ತಿಗೆ ವಾಪಸ್ ಹೋಗುವಂತಿರಲಿಲ್ಲ; ಹೆಡ್‌ಫೋನ್ ಇಲ್ಲದವರಿಗೆ ಶೆಡ್ಡಿನ ಬಾಗಿಲೇ ಇಲ್ಲ ಎಂದಾಯಿತು. ಮೊದಮೊದಲು ಅತ್ತೆ ಸೊಸೆ ಪ್ರತಿಸಲ ಬಗ್ಗಿ ಮುಖ ನೋಡಿಕೊಂಡರು. ಕಿವಿಯಲ್ಲಿ ಮೇಸ್ತ್ರಿ ಶುರುಮಾಡಿದ: “ನಾಲ್ಕನೇ ಪ್ರೆಸ್ಸು, ನಿಧಾನ. ನಾಲ್ಕನೇ ಪ್ರೆಸ್ಸು, ನಿಧಾನ.” ಬಗ್ಗುವುದು ಕಡಿಮೆಯಾಯಿತು. ಆಮೇಲೆ ನಿಂತಿತು. ತಟ್ಟುವುದು ನಿಲ್ಲಲಿಲ್ಲ, ಕೈಗೆ ಅಂಟಿದ ರೂಢಿ. ಕೇಳಿಸದ ತಟ್ಟಿಗೆ ಕೇಳಿಸದ ಉತ್ತರ. ಅಂದಾಜಿನ ಮೇಲೆ ಕಾಲು.

ಆ ದಿನ ದೊಡ್ಡಮ್ಮ ಎಂದಿನಂತೆ ಎರಡು ಸಲ ತಟ್ಟಿದಳು. ‘ಟಕ್’ ಎಂದು ಉತ್ತರ ಕೇಳಿಸಿತು. ಅಷ್ಟು ದಿನದ ಮೇಲೆ ಕೇಳಿಸಿತಲ್ಲ ಎಂದು ಜೀವಕ್ಕೆ ಹಾಯೆನಿಸಿತು. ತುಳಿದಳು.

ಸೊಸೆ ಕಿರುಚಿದ್ದು ಅವಳಿಗೆ ಕೇಳಲಿಲ್ಲ. ತಗಡಿನ ಮೇಲೆ ಹರಿದು ಬಂದದ್ದನ್ನು ಕಂಡಳು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸೊಸೆ ಕೇಳಿದ್ದು ಒಂದೇ ಮಾತು. “ನೀವು ತಟ್ಟಿದ್ದು ನನಗೆ ಕೇಳಿಸ್ಲಿಲ್ಲ, ಅತ್ತೆ. ನಾನು ತಟ್ಟಿದ್ದು ಕೇಳಿಸ್ತು ಅಂತೀರಲ್ಲ, ಅದು ನಿಮಗೆ ಹೇಗೆ ಕೇಳಿಸ್ತು?”

“ತಟ್ಟಿದೆಯಲ್ಲೇ. ನನ್ನ ಕಿವಿಯಾರೆ ಕೇಳಿದೆ.”

“ನಾನು ತಟ್ಟಲೇ ಇಲ್ಲ.”

ದೊಡ್ಡಮ್ಮ ಸೊಸೆಯ ತುಟಿಯನ್ನೇ ನೋಡುತ್ತ ಕುಳಿತಳು. ಮನೆ ನಿಶ್ಶಬ್ದವಾಗಿತ್ತು. ಅವಳ ಕಿವಿಯೊಳಗೆ ಕುಟ್ಟಾಣಿ ಕುಟ್ಟುತ್ತಿತ್ತು. ಟಕ್. ಟಕ್. ಅದೇ ಸದ್ದು. ಕಂಪನಿ ವರ್ಷಗಟ್ಟಲೆ ಅವಳ ಕಿವಿಯೊಳಗೆ ತುಂಬಿಟ್ಟದ್ದು, ಎಲ್ಲ ಸದ್ದನ್ನೂ ಕಿತ್ತುಕೊಂಡ ಮೇಲೆ ಉಳಿದದ್ದು ಅದೊಂದೇ. ಅವಳು ಸೊಸೆಯ ಉತ್ತರ ಎಂದುಕೊಂಡು ತುಳಿದದ್ದು ಅದನ್ನು ನಂಬಿ.

ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬರುತ್ತಾನೆಂದು ಗೊತ್ತಾದಾಗ ಮ್ಯಾನೇಜರ್ ಅವಳನ್ನು ಕರೆಸಿ ಕುರ್ಚಿ ಕೊಟ್ಟ. ಆ ಕೋಣೆಯಲ್ಲಿ ಅವಳು ಕುಳಿತದ್ದು ಅದೇ ಮೊದಲು.

“ನೋಡಮ್ಮ, ಎರಡೇ ಮಾತು. ನಿನ್ನ ಸೊಸೆ ಮೇಸ್ತ್ರಿ ಕಣ್ಣು ತಪ್ಪಿಸಿ ಹೆಡ್‌ಫೋನಲ್ಲಿ ಹಾಡು ಹಾಕ್ಕೊಂಡಿದ್ಲು, ಮೈಮರೆತು ಕೈನ ಅಚ್ಚೊಳಗೇ ಬಿಟ್ಲು. ಅಷ್ಟು ಹೇಳು. ಆಮೇಲೆ ಸಾಹೇಬರ ಎದುರಿಗೆ ಹೆಡ್‌ಫೋನ್ ಹಾಕ್ಕೊಂಡು ಪ್ರೆಸ್ ಓಡಿಸಿ ತೋರಿಸು. ಅವಳಿಗೆ ಪ್ಯಾಕಿಂಗಲ್ಲಿ ಕೂತು ಮಾಡೋ ಕೆಲಸ ಕೊಡೋಣ.”

“ಇಲ್ಲಾಂದ್ರೆ?”

“ಇಲ್ಲಾಂದ್ರೆ ಪೆಡಲ್ ತುಳಿದಿದ್ದು ಯಾರ ಕಾಲು, ಅವರ ಕಿವಿ ಎಷ್ಟು ಕೇಳಿಸುತ್ತೆ, ಇದೆಲ್ಲ ನಾವು ಹೇಳಬೇಕಾಗುತ್ತೆ. ಹೆಡ್‌ಫೋನ್ ಆರಿಸಿದ್ದೂ ನೀನೇ ಅಲ್ವಾ?”

ಸಂಜೆ ಅದನ್ನು ಸೊಸೆಗೆ ಹೇಳಿದಳು. ಸೊಸೆ ಎಡಗೈಯಲ್ಲಿ ಅನ್ನ ಕಲಸುತ್ತಿದ್ದವಳು ತಲೆಯೆತ್ತಲಿಲ್ಲ.

“ಹೇಳಿಬಿಡಿ.”

“ಏ ಹುಡುಗಿ…”

“ನನ್ನ ಕೈ ಹೋಯ್ತು. ನಿಮ್ಮ ಕೆಲಸಾನೂ ಹೋದ್ರೆ ಒಲೆ ಯಾರು ಹಚ್ತಾರೆ? ಹಾಡು ಕೇಳ್ತಿದ್ಲು ಅಂತ ಹೇಳಿ. ಅದರಿಂದ ನನ್ನ ಗಾಯ ಏನೂ ದೊಡ್ಡದಾಗಲ್ಲ.”

“ಯಾವ ಹಾಡು ಅಂತ ಕೇಳಿದ್ರೆ?”

ಸೊಸೆ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ. “ಮೇಸ್ತ್ರಿ ಹಾಡು. ನಾಲ್ಕನೇ ಪ್ರೆಸ್ಸು ನಿಧಾನ, ನಾಲ್ಕನೇ ಪ್ರೆಸ್ಸು ನಿಧಾನ…” ರಾಗ ಎಳೆಯುತ್ತ ಎಳೆಯುತ್ತ ದನಿ ಒಡೆಯಿತು. ಪಕ್ಕದ ಮನೆಯ ಟೈಲರ್ ತನ್ನ ಮೆಷಿನ್ ನಿಲ್ಲಿಸಿದ.

ಇನ್‌ಸ್ಪೆಕ್ಟರ್ ಬಂದ ದಿನ ಉಳಿದ ಪ್ರೆಸ್ಸುಗಳನ್ನೆಲ್ಲ ನಿಲ್ಲಿಸಿದರು, ಸಾಹೇಬರ ಕಿವಿಗೆ ತೊಂದರೆಯಾಗಬಾರದಲ್ಲ. ಹೆಂಗಸರ ಕಿವಿಗಾಗಿ ಒಂದು ದಿನವೂ ನಿಲ್ಲದ ಮೆಷಿನ್ನುಗಳು ಒಬ್ಬ ಗಂಡಸಿನ ಅರ್ಧ ಗಂಟೆಗಾಗಿ ತೆಪ್ಪಗೆ ನಿಂತವು. ನಾಲ್ಕನೆಯದೊಂದೇ ಓಡುತ್ತಿತ್ತು. ಅಚ್ಚನ್ನು ಉಜ್ಜಿ ಉಜ್ಜಿ ತೊಳೆದಿದ್ದರು. ಸೊಸೆಯ ಜಾಗಕ್ಕೆ ಮೂರನೇ ಪ್ರೆಸ್ಸಿನ ಕುಳ್ಳಿಯನ್ನು ನಿಲ್ಲಿಸಿದ್ದರು. ಕುಳ್ಳಿ ಬಾಯಿಬಡುಕಿ, ಶೆಡ್ಡನ್ನೆಲ್ಲ ನಗಿಸುವವಳು. ಅಂದು ತಲೆ ತಗ್ಗಿಸಿಕೊಂಡು ಚೂರು ಗೋರುತ್ತಿದ್ದಳು.

ದೊಡ್ಡಮ್ಮ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಓಡಿಸುವುದು, ಆಮೇಲೆ ಆ ಎರಡು ಮಾತು ಹೇಳುವುದು, ಮನೆಗೆ ಹೋಗುವುದು.

ಹೆಡ್‌ಫೋನ್ ಹಾಕಿಕೊಂಡಳು. ಶೆಡ್ಡು ಸತ್ತಂತೆ ಸುಮ್ಮನಾಯಿತು. ತಗಡು ಇಟ್ಟಳು. ಸ್ಪ್ಯಾನರ್ ಎತ್ತಿ ಎರಡು ಸಲ ತಟ್ಟಿದಳು.

ಟಕ್.

ಉತ್ತರ ಬಂತು. ಸ್ಪಷ್ಟವಾಗಿ, ಹತ್ತಿರದಿಂದ, ಗುಂಡಿ ಒತ್ತಿ ಪರೀಕ್ಷಿಸಿದ ದಿನ ಕೇಳಿದಷ್ಟೇ ಚೂಪಾಗಿ. ಅವಳ ಕಾಲು ತಾನಾಗಿಯೇ ಮೇಲೆದ್ದಿತು. ಅಲ್ಲೇ ತಡೆದು, ಸೊಂಟ ಬಗ್ಗಿಸಿ ಆಚೆ ನೋಡಿದಳು.

ಕುಳ್ಳಿಯ ಸ್ಪ್ಯಾನರ್ ಮೊಳೆಗೆ ನೇತಾಡುತ್ತಿತ್ತು. ಎರಡೂ ಕೈ ಅಚ್ಚಿನೊಳಗಿದ್ದವು. ಮೂಲೆಯಲ್ಲಿ ಸಿಕ್ಕಿಕೊಂಡ ಒಂದು ಚೂರನ್ನು ಉಗುರಿನಿಂದ ಕೀಳುತ್ತಿದ್ದಳು.

ದೊಡ್ಡಮ್ಮ ಕಾಲನ್ನು ನೆಲಕ್ಕೆ ಇಳಿಸಿದಳು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

“ಕುಳ್ಳಿ, ಕೈ ಈಚೆಗೆ ತೆಗಿಯೇ,” ಎಂದು ಆಚೆ ಬಗ್ಗಿ ಸನ್ನೆ ಮಾಡಿದಳು.

“ಏನಾಯ್ತಮ್ಮ?” ಎಂದ ಇನ್‌ಸ್ಪೆಕ್ಟರ್.

“ಅವತ್ತು ತುಳಿದದ್ದು ನನ್ನ ಕಾಲು, ಸಾರ್,” ಎಂದಳು ದೊಡ್ಡಮ್ಮ. ಅವಳಿಗೆ ಮೆಲ್ಲಗೆ ಹೇಳಲು ಬರುತ್ತಿರಲಿಲ್ಲ. ಶೆಡ್ಡಿಗೆ ಶೆಡ್ಡೇ ಕೇಳಿಸಿಕೊಂಡಿತು. “ಅವಳು ಯಾವ ಹಾಡೂ ಕೇಳ್ತಿರಲಿಲ್ಲ. ಈ ಗುಂಡಿ ಇದೆಯಲ್ಲ, ಒತ್ತಿ ನೋಡಿ.”

ಇನ್‌ಸ್ಪೆಕ್ಟರ್ ಹೆಬ್ಬೆರಳಿನಿಂದ ಒತ್ತಿದ. ಇನ್ನಷ್ಟು ಜೋರಾಗಿ ಒತ್ತಿದ. ಉಗುರಿನಿಂದ ಕೆರೆದ. ಒಣಗಿದ ಅಂಟಿನ ಪುಡಿ ಉಗುರಿಗೆ ಹತ್ತಿತು. ಅವನು ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಮ್ಯಾನೇಜರನ ಮುಖ ನೋಡಿದ.

“ವಯಸ್ಸಾಗಿದೆ ಸಾರ್, ಕಿವೀನೂ ಕೇಳಿಸಲ್ಲ, ಏನೇನೋ ಮಾತಾಡ್ತಾಳೆ,” ಎಂದು ಮ್ಯಾನೇಜರ್ ನಕ್ಕ. ಇನ್‌ಸ್ಪೆಕ್ಟರನಿಗೆ ಬೆನ್ನು ಮಾಡಿ ಅವಳತ್ತ ತಿರುಗಿದಾಗ ನಗು ಇರಲಿಲ್ಲ. ದನಿ ತೆಗೆಯದೆ ತುಟಿಯಲ್ಲೇ ಹೇಳಿದ: ಮನೆ ಹಾಳು ಮಾಡ್ಕೋಬೇಡ. ಶೆಡ್ಡಿನ ಹೆಂಗಸರಿಗೆ ತುಟಿ ಓದಲು ಬರುತ್ತದೆಂಬುದು ಅವನಿಗೆ ಗೊತ್ತಿತ್ತು. ಆಮೇಲೆ ಎಲ್ಲರಿಗೂ ಕೇಳುವಂತೆ, “ಹಾಕ್ಕೊಳ್ಳಮ್ಮ, ಸಾಹೇಬರು ಕಾಯ್ತಿದಾರೆ. ತುಳಿ,” ಎಂದ.

ಕುಳ್ಳಿ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಮೆಷಿನ್ನಿನ ಹಿಂದಿನಿಂದ ಈಚೆ ಬಂದು ನಿಂತಳು.

ದೊಡ್ಡಮ್ಮನ ಕಿವಿಯೊಳಗೆ ಮತ್ತೆ ಟಕ್ ಎಂದಿತು.

“ತುಳಿಯಲ್ಲ,” ಎಂದಳು.