ಹನ್ನೆರಡನೆಯ ಅರ್ಜಿ

"ಕೈ ಎತ್ತಿದೆಯಂತಲ್ಲ," ಎಂದ ಜಬೇಜ್.

ಬಿದ್ದ ಗೋಡೆಗೆ ಕಲ್ಲು ಜೋಡಿಸುತ್ತಿದ್ದ ಪೆಲೆಗ್ ತಲೆ ಎತ್ತಲಿಲ್ಲ. ಅವನು ಪ್ರಾವಿಡೆನ್ಸಿನಿಂದ ಬಂದು ಇನ್ನೂ ಎರಡು ದಿನವಾಗಿರಲಿಲ್ಲ. ಸುದ್ದಿ ಅವನಿಗಿಂತ ಮೊದಲೇ ಊರು ಸೇರಿತ್ತು. ಇನ್ನು ಮುಂದೆ ಯಾವ ಆಜ್ಞೆಯಲ್ಲೂ ಇಂಗ್ಲೆಂಡಿನ ರಾಜನ ಹೆಸರು ಬರೆಯಬಾರದೆಂದು ನಮ್ಮ ರೋಡ್ ಐಲೆಂಡ್ ವಸಾಹತಿನ ಶಾಸನಸಭೆ ತೀರ್ಮಾನಿಸಿತ್ತು. ಅಲ್ಲಿ ನಮ್ಮೂರ ಪ್ರತಿನಿಧಿಯಾಗಿ ಕೈ ಎತ್ತಿ ಮತ ಹಾಕಿದವನು ಪೆಲೆಗ್.

"ಎತ್ತಿದೆ."

"ಹಾಗಾದ್ರೆ ಭುಜದ ನೋವು ಹೋಯ್ತು ಅಂತಾಯ್ತು. ಚಳಿಗಾಲ ಪೂರ್ತಿ ಹಸುವಿಗೆ ಹುಲ್ಲು ಎತ್ತೋಕೂ ಆಗ್ತಿರಲಿಲ್ಲ ನಿನಗೆ."

ಪೆಲೆಗ್‌ಗೆ ನಗು ಬಂತು, ಜಬೇಜನಿಗೆ ಬರಲಿಲ್ಲ. ಜಬೇಜ್ ಅವನ ಹೆಂಡತಿಯ ಅಣ್ಣ. ಪ್ರಾರ್ಥನಾ ಮನೆಯೊಳಗೆ ಮುಂದಿನ ಬೆಂಚಿನಲ್ಲಿ ಇಬ್ಬರೂ ಮೂವತ್ತು ವರ್ಷ ಪಕ್ಕ ಪಕ್ಕ ಮೌನವಾಗಿ ಕೂತವರು. ನಮ್ಮ ಕ್ವೇಕರ್ ಪಂಥದ ಜನ ರಾಜನೇ ಎದುರು ಬಂದರೂ ಟೋಪಿ ತೆಗೆಯುವವರಲ್ಲ, ಅವನಿಗೂ 'ನೀನು' ಎನ್ನುವವರು. ಆದರೆ ಅವನನ್ನು ಇಳಿಸುವುದು ದೇವರ ಕೆಲಸ, ನಮ್ಮದಲ್ಲ. ಇಳಿಸಲು ಹೊರಟರೆ ಬಂದೂಕು ಬೇಕು. ಬಂದೂಕು ಮುಟ್ಟಿದವನು ನಮ್ಮವನಲ್ಲ.

ಜಬೇಜ್ ಜೇಬಿನಿಂದ ಒಂದು ಕಾಗದ ತೆಗೆದ. "ನೀನಾಗಿ ಬರೆಯಲ್ಲ ಅಂತ ಗೊತ್ತಿತ್ತು. ನಾನೇ ಬರೆದಿದ್ದೀನಿ. ಕೋಳಿ ಕೆದರಿದ ಹಾಗಿದೆ, ಆದ್ರೂ ಓದಬಹುದು. ದುಡುಕಿದೆ, ತಪ್ಪಾಯ್ತು ಅಂತ. ಸಹಿ ಹಾಕಿ ತಿಂಗಳ ಸಭೆಯಲ್ಲಿ ಓದಿಬಿಡು. ಮುಗೀತು."

"ಹಾಕದಿದ್ರೆ?"

"ಏನಾಗುತ್ತೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು."

ಗೊತ್ತಿರದೆ ಏನು. ಕ್ವೇಕರ್ ಸಭೆಯಿಂದ ಜನರನ್ನು ಹೊರಹಾಕುವ ನಿರ್ಣಯಗಳನ್ನೆಲ್ಲ ಇಪ್ಪತ್ತು ವರ್ಷದಿಂದ ದಪ್ಪ ಪುಸ್ತಕದಲ್ಲಿ ಬರೆಯುತ್ತ ಬಂದವನು ಪೆಲೆಗನೇ. ಅವನಷ್ಟು ಚಂದದ ಅಕ್ಷರ ಇನ್ನಾರದೂ ಇರಲಿಲ್ಲ. ಊರಿನ ಪರವಾಗಿ ರಾಜನಿಗೆ ಅರ್ಜಿ ಬರೆದವನೂ ಅವನೇ. ಕಾಗದಪತ್ರಗಳ ಮೇಲೆ ಮೊಹರು ತೆರಿಗೆ ಹಾಕಿದ ವರ್ಷದಿಂದ ಈಚೆಗೆ ಹನ್ನೊಂದು ಅರ್ಜಿ. 'ತಮ್ಮ ವಿಧೇಯ ಪ್ರಜೆಗಳು' ಎಂದು ಹನ್ನೊಂದು ಸಲ ಬರೆದ. ಒಂದಕ್ಕೂ ಉತ್ತರ ಬರಲಿಲ್ಲ. ಹೋದ ಶರತ್ಕಾಲದಲ್ಲಿ ಕೊಲ್ಲಿಯಾಚೆಯ ಊರಿನ ಮೇಲೆ ರಾಜನ ಹಡಗಿನಿಂದ ಫಿರಂಗಿ ಗುಂಡು ಬಿತ್ತು.

ಮಧ್ಯಾಹ್ನ ಮೆಹಿಟಬಲ್ ಗಂಡನ ಮುಂದೆ ಮುಸುಕಿನ ಜೋಳದ ರೊಟ್ಟಿ ಇಟ್ಟು, ಪಕ್ಕದಲ್ಲಿ ಅಣ್ಣ ಬಿಟ್ಟುಹೋದ ಕಾಗದವನ್ನೂ ಮಸಿಕುಡಿಕೆಯನ್ನೂ ಇಟ್ಟಳು.

"ಸಭೆಗೆ ಒಂದೇ ಗಾಡಿಯಲ್ಲಿ ಹೋಗಿ ಬೇರೆ ಬೇರೆ ಜನ ಆಗಿ ವಾಪಸ್ ಬರೋಣ ಅಂತೀಯಾ?"

"ತಪ್ಪು ಮಾಡಿದೆ ಅಂತ ಅನ್ನಿಸಿದ್ರೆ ಈಗಲೇ ಸಹಿ ಹಾಕ್ತಿದ್ದೆ, ಮೆಹಿಟಬಲ್."

"ಸರಿ ಮಾಡಿದೆ ಅಂತ ಅನ್ನಿಸ್ತಿದೆಯಾ?"

ಅವನು ರೊಟ್ಟಿ ಮುರಿದ, ತಿನ್ನಲಿಲ್ಲ. "ಅದೂ ಗೊತ್ತಿಲ್ಲ. ನಾನು ಎತ್ತಿದ ಕೈಯಿಂದ ಇನ್ಯಾರದೋ ಮಗ ಸಾಯ್ತಾನೆ. ಅದೊಂದು ಗೊತ್ತು. ಆದ್ರೆ ಒಪ್ಪದ ಮಾತಿನ ಕೆಳಗೆ ಹೆಸರು ಬರೆದು ಬರೆದು ಸಾಕಾಗಿದೆ. ಹನ್ನೆರಡನೆಯದಕ್ಕೆ ಕೈ ಬರ್ತಿಲ್ಲ."

ಸಭೆಯವರು ಅವಸರ ಮಾಡಲಿಲ್ಲ. ಇಬ್ಬರು ಹಿರಿಯರು ಮನೆಗೆ ಬಂದು ಬುದ್ಧಿ ಹೇಳಿದರು, ಮತ್ತೆ ಬಂದರು. ವರ್ಷದ ಆರನೇ ತಿಂಗಳು ಕಳೆಯಿತು. ಏಳನೆಯದರಲ್ಲಿ ಹದಿಮೂರು ವಸಾಹತುಗಳೂ ಸೇರಿ ಸ್ವಾತಂತ್ರ್ಯ ಸಾರಿಬಿಟ್ಟವು. ಬೇಲಿಯಾಚೆಯ ಹೊಲದಲ್ಲಿ ಹುಡುಗರು ಕವಾಯತು ಮಾಡತೊಡಗಿದರು. ಅಷ್ಟಾದರೂ ಪೆಲೆಗ್‌ನ ಬದಲು ಬೇರೆ ಬರಹಗಾರನನ್ನು ನೇಮಿಸುವ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಿದರೆ ಅವನನ್ನು ಹೊರಹಾಕುವುದು ಎಲ್ಲಿ ನಿಜವಾಗಿಬಿಡುವುದೋ ಎಂಬ ಅಂಜಿಕೆ. ನಮ್ಮವರ ಮೆತ್ತನೆ ಮನಸ್ಸು ಕೆಲವೊಮ್ಮೆ ಇಂಥ ಕ್ರೌರ್ಯ ಮಾಡುತ್ತದೆ.

ಹೀಗಾಗಿ ಎಂಟನೇ ತಿಂಗಳ ಸಭೆಯಲ್ಲಿಯೂ ಪುಸ್ತಕ ಅವನ ತೊಡೆಯ ಮೇಲೆಯೇ ಇತ್ತು. ನಡುವಿನ ಹಲಗೆಯ ಅಡ್ಡಗೋಡೆ ಇಳಿಬಿಟ್ಟಿದ್ದರು. ಆಚೆ ಹೆಂಗಸರ ಸಭೆಯಲ್ಲಿ ಮೆಹಿಟಬಲ್ ಕೂತಿದ್ದಳು. ಪೆಲೆಗ್ ಎದ್ದು ಸಹಿಯಿಲ್ಲದ ಕಾಗದವನ್ನು ಜಬೇಜನ ಕೈಗಿಟ್ಟ.

"ಇದರಲ್ಲಿರೋದು ನಿನ್ನ ಪ್ರೀತಿ. ನನ್ನ ಮನಸ್ಸಲ್ಲ."

ಶಾಸನಸಭೆಯಲ್ಲಿ ಕೈ ಎಣಿಸಿದ್ದು ಒಂದು ಸೀನು ಸೀನುವಷ್ಟು ಹೊತ್ತು. ಇಲ್ಲಿ ಎಣಿಸುವ ಪದ್ಧತಿಯಿಲ್ಲ. ಎಲ್ಲರ ಮನಸ್ಸೂ ಒಂದಾಗುವವರೆಗೆ ಸುಮ್ಮನೆ ಕೂರಬೇಕು. ಒಬ್ಬನೇ ಒಬ್ಬ 'ನನಗೆ ಒಪ್ಪಿಗೆ ಇಲ್ಲ' ಎಂದರೂ ವಿಷಯ ಅಲ್ಲಿಗೇ ನಿಲ್ಲುತ್ತದೆ. ನೊಣವೊಂದು ಕಿಟಕಿಗೆ ಬಡಿಯುತ್ತಿತ್ತು. ಬಹಳ ಹೊತ್ತಾಯಿತು.

"ಬರಿ, ಪೆಲೆಗ್," ಎಂದ ಜಬೇಜ್ ಕೊನೆಗೆ.

ಪೆಲೆಗ್ ಬರೆದ. ಅಕ್ಷರ ಎಂದಿನಂತೆ ಒಂದೂ ಸೊಟ್ಟಗಾಗಲಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿದ: ಪೆಲೆಗ್ ಎಂಬವನು ಪಶ್ಚಾತ್ತಾಪ ಪಡುವವರೆಗೆ ನಮ್ಮ ಸಭೆಗೆ ಸೇರಿದವನಲ್ಲ. "ಸ್ನೇಹಿತರೇ, ಇದು ಸರಿಯಾಗಿದೆಯೇ?" ಎಂದು ಕೇಳಿದ. ಯಾರಾದರೊಬ್ಬರು ಇಲ್ಲವೆನ್ನಲಿ ಎಂದು ಅವನ ಜೀವ ಹಂಬಲಿಸಿತು. ಟೋಪಿಗಳೆಲ್ಲ ನೆಲ ನೋಡುತ್ತಿದ್ದವು.

"ಸರಿಯಾಗಿದೆ," ಎಂದ ಜಬೇಜ್.

ತಿಂಗಳ ಸಭೆಯಲ್ಲಿ ಹೊರಗಿನವರು ಕೂರುವಂತಿಲ್ಲ. ಪೆಲೆಗ್ ಪುಸ್ತಕವನ್ನು ಬೆಂಚಿನ ಮೇಲಿಟ್ಟು, ಹೊರಗೆ ಹೋಗಿ ಕುದುರೆಯ ಪಕ್ಕ ನಿಂತ. ಒಳಗೆ ಉಳಿದ ವಿಷಯಗಳೂ ಮುಗಿದವು.

ನಮ್ಮಲ್ಲಿ ಸಭೆ ಮುಗಿಸಲು ಗಂಟೆಯಿಲ್ಲ, ಮಂತ್ರವಿಲ್ಲ. ಮುಂದಿನ ಬೆಂಚಿನ ಹಿರಿಯ ಪಕ್ಕದವನ ಕೈ ಕುಲುಕಬೇಕು, ಆಮೇಲೆ ಎಲ್ಲರೂ ಏಳುತ್ತಾರೆ. ಜಬೇಜ್ ಅಭ್ಯಾಸಬಲದಿಂದ ಎಡಗಡೆಗೆ, ಈಗ ಪುಸ್ತಕ ಮಾತ್ರವಿದ್ದ ಪೆಲೆಗ್‌ನ ಜಾಗದತ್ತ, ತಿರುಗಿ ಕೈ ಚಾಚಿದ. ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಯಾರೂ ಏಳಲಿಲ್ಲ.