ಹೆಸರಿನ ಬಾಲ

ಅಪ್ಪ ದರ್ಜಿ. ಶಾಲೆಯಲ್ಲಿ ಕಲಿತ ಲ್ಯಾಟಿನ್ ಮೇಲೆ ಅವರಿಗೆ ಕೊನೆಯವರೆಗೂ ಮೋಹ. ಅಂಗಡಿ ಬಾಗಿಲ ಮೇಲೆ ‘ವೆಸ್ಟಿಯಾರಿಯಸ್’ ಎಂದು ಬರೆಸಿದ್ದರು. ಅಂದರೆ ಬಟ್ಟೆಯವನು. ಹೆಂಗಸಾದರೆ ವೆಸ್ಟಿಯಾರಿಯಾ, ಬಟ್ಟೆಯವಳು. ವಸ್ತುವಾದರೆ ವೆಸ್ಟಿಯಾರಿಯಮ್, ಬಟ್ಟೆಯದು. ಕತ್ತರಿ ಹಿಡಿಯುವುದರ ಜೊತೆಗೆ ಇದನ್ನೂ ಮಕ್ಕಳಿಬ್ಬರಿಗೆ ಬಾಯಿಪಾಠ ಮಾಡಿಸಿದ್ದರು. ಕತ್ತರಿ ಹಿಡಿದದ್ದು ಮಗಳು ಮಾತ್ರ.

ಅವರು ಹೋದ ಮೇಲೆ ಅಂಗಡಿ ನಡೆಸಿದ್ದೂ ಅವಳೇ. ಒಂದು ಬೆಳಿಗ್ಗೆ ಬೋರ್ಡು ಬರೆಯುವ ಬಣ್ಣದಣ್ಣನನ್ನು ಕರೆಸಿದಳು. ಅವನು ಏಣಿ ಹತ್ತಿ ಕೊನೆಯ ಎರಡಕ್ಷರ ಕೆರೆದು ಮುಗಿಸುವಷ್ಟರಲ್ಲಿ ತಮ್ಮ ಬಂದ. ಅಂಗಡಿಯಲ್ಲಿ ರೆಡಿಮೇಡ್ ಮಾರಬೇಕೆಂದು ತಿಂಗಳುಗಟ್ಟಲೆ ಅಕ್ಕನ ಬೆನ್ನುಬಿದ್ದಿದ್ದವನು.

“ಅಪ್ಪ ಬರೆಸಿದ್ದನ್ನ ಅಳಿಸೋಕೆ ನಿನಗೆ ಹೇಗೆ ಮನಸ್ಸು ಬಂತು?”

“ಬಾಲ ಒಂದನ್ನೇ ಬದಲಾಯಿಸ್ತಿರೋದು. ಹೊಲಿಯೋಳು ನಾನು.”

“ಹಾಗಾದ್ರೆ ಬಹುವಚನ ಹಾಕ್ಸು. ವೆಸ್ಟಿಯಾರೀ. ಬಟ್ಟೆಯವರು. ಇಬ್ಬರೂ ಇರೋಣ.”

“ನಾವಾಡೋ ‘ಅವರು’ ಥರ ಅಲ್ಲ ಕಣೋ ಅದು. ನೂರು ಹೆಂಗಸರ ಮಧ್ಯೆ ಒಬ್ಬ ಗಂಡಸು ಬಂದ್ರೂ ಆ ಪದ ಪೂರ್ತಿ ಗಂಡಸರ ಪಾಲು. ನಾನೆಲ್ಲಿರ್ತೀನಿ ಅದರಲ್ಲಿ?”

“ಬಟ್ಟೆಯದು ಅಂತ ಬರೆದುಬಿಡ್ಲಾ? ಯಾರಿಗೂ ಬೇಜಾರಿರಲ್ಲ,” ಎಂದ ಬಣ್ಣದಣ್ಣ ಮೇಲಿಂದ.

“ನೀವು ಇಳೀರಿ ಮೊದ್ಲು,” ಎಂದು ತಮ್ಮ ಏಣಿಯನ್ನು ಎಳೆದ. ಅದರ ಕಾಲು ಜಾರಿತು. ಬಣ್ಣದ ಡಬ್ಬಿ ತಮ್ಮನ ಎದೆಗೆ ಬಡಿದು ಉರುಳಿತು. ಬಣ್ಣದಣ್ಣ ಬೋರ್ಡಿಗೆ ಜೋತುಬಿದ್ದ. ಅದರ ಮೊಳೆಗಳು ಕಿರ್ರೆಂದವು. ಅಕ್ಕ ತಮ್ಮ ಇಬ್ಬರೂ ಹೆಗಲು ಕೊಟ್ಟು ಏಣಿಯನ್ನು ಎತ್ತಿದರು. ಅವನ ಕಾಲಿಗೆ ಮೆಟ್ಟಿಲು ಸಿಗುವವರೆಗೆ ಇಬ್ಬರೂ ಹೆಗಲು ತೆಗೆಯಲಿಲ್ಲ.

ಇಳಿದವನು ತಮ್ಮನ ಮುಖ ನೋಡಲಿಲ್ಲ. “ಮನೇಲಿ ಹೆಂಡ್ತಿ ಮಕ್ಕಳಿದ್ದಾರೆ ನನಗೆ,” ಎಂದು ಸೊಂಟಕ್ಕೆ ಸಿಕ್ಕಿಸಿದ್ದ ಬ್ರಷ್ಷನ್ನು ಅಕ್ಕನ ಕೈಗಿಟ್ಟು ಕಟ್ಟೆ ಮೇಲೆ ಕುಸಿದು ಕೂತ.

ಡಬ್ಬಿಯ ತಳದಲ್ಲಿ ಇನ್ನೂ ಸ್ವಲ್ಪ ಬಣ್ಣವಿತ್ತು. ಅಕ್ಕ ಅದನ್ನು ತೆಗೆದುಕೊಂಡು ತಾನೇ ಏಣಿ ಹತ್ತಿದಳು. ಅರ್ಧಕ್ಕೆ ಬಂದಾಗ ಏಣಿ ಅಲುಗಿತು. ಕೆಳಗೆ ನೋಡಿದರೆ ತಮ್ಮನ ಎರಡೂ ಕೈ ಅದರ ಮೇಲಿದ್ದವು.

“ಬಿಡು,” ಎಂದಳು.

“ಬಿಟ್ರೆ ಬೀಳ್ತೀಯ.”

ಅವನನ್ನು ನಂಬಬೇಕೋ ಬೇಡವೋ ತಿಳಿಯದೆ ಒಂದು ಗಳಿಗೆ ನಿಂತಳು. ಆಮೇಲೆ ಹತ್ತಿ ಹೋಗಿ ಬರೆದಳು. ವೆಸ್ಟಿಯಾರಿಯಾದ ಕೊನೆಯ ಅಕ್ಷರ ಸೊಟ್ಟಗಾಯಿತು.

ಇಳಿದಾಗ ತಮ್ಮ ಹೇಳಿದ, “ನಾನಿನ್ನೂ ಒಪ್ಪಿಲ್ಲ ಅಕ್ಕ.”

“ಗೊತ್ತು. ಶರಟು ಬಿಚ್ಚು, ಒಣಗಿದ್ರೆ ಕಲೆ ಹೋಗಲ್ಲ.”

ಅವನು ಬಿಚ್ಚಿಕೊಟ್ಟ. ಬನಿಯನ್ನಿನಲ್ಲೇ ಒಳಗೆ ಹೋಗಿ, ಬಣ್ಣದಣ್ಣನಿಗೆ ಒಂದು ಲೋಟ ನೀರು ತಂದುಕೊಟ್ಟ.